ಫಕ್ಕೀರಪ್ಪನ ನೀರು

ಹದಿನೇಳನೇ ನಂಬರನ್ನು ಕೊಂದವನು ನಾನು. ಕೊಂದು ಸುಮ್ಮನಿದ್ದೆನೇ — ಇಲ್ಲ. ಅದರ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಿದೆ. ಕೇಳುವವರು ಬಂದು ಕೇಳಿದಾಗ ತಪ್ಪನ್ನೆಲ್ಲ ಒಬ್ಬ ದೇವರಂಥ ಮನುಷ್ಯನ ಕೈಗೆ ಒರೆಸಿಬಿಟ್ಟೆ. ನಲವತ್ತು ವರ್ಷದ ಮೇಲಾಯಿತು. ಇವತ್ತಿನ ತನಕ ಹೆಂಡತಿಗೂ ಹೇಳಿಲ್ಲ.

ಗಾಬರಿಯಾಗಬೇಡಿ, ಹದಿನೇಳನೇ ನಂಬರು ಮನುಷ್ಯನಲ್ಲ. ಬೂಷ್ಟು. ಹಳಸಿದ ಅನ್ನದ ಮೇಲೆ, ಮಳೆಗಾಲದಲ್ಲಿ ಮೂಲೆಗಿಟ್ಟ ಚಪ್ಪಲಿಯ ಮೇಲೆ ಬರುತ್ತದಲ್ಲ — ಆ ಕುಲದ್ದು. ಬೂಷ್ಟು ಸತ್ತಿತೆಂದು ಇಷ್ಟು ಸಂಕಟಪಡುವವನನ್ನು ನೀವು ನೋಡಿರಲಿಕ್ಕಿಲ್ಲ. ನಗಬೇಡಿ ಅಂತ ನಾನು ಹೇಳುವುದಿಲ್ಲ. ನೆನಸಿಕೊಂಡರೆ ನನಗೂ ನಗು ಬರುತ್ತದೆ, ನಕ್ಕ ಮೇಲೆ ಊಟ ಸೇರುವುದಿಲ್ಲ, ಅಷ್ಟೆ.

ನನ್ನ ಹೆಸರು ಫಕ್ಕೀರಪ್ಪ. ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಒಕ್ಕಲುತನದ ಮನೆಯವನು. ಎಪ್ಪತ್ತರ ದಶಕದ ಕೊನೆಗೆ ಹಾನಗಲ್ಲಿನ ಒಂದು ಕಾಲೇಜಿನಲ್ಲಿ, ಸಸ್ಯಶಾಸ್ತ್ರ ವಿಭಾಗಕ್ಕೆ ಅಟೆಂಡರ್ ಆಗಿ ಸೇರಿದೆ. ವಿಭಾಗ ಅಂದರೆ ಒಂದು ಕೋಣೆ, ಮೂರು ಸೂಕ್ಷ್ಮದರ್ಶಕ, ಒಂದು ಕಪಾಟು, ಮತ್ತು ವಾದಿರಾಜ ಸರ್.

ಸರ್ ಸವಣೂರಿನ ವೈಷ್ಣವ ಮನೆತನದವರು. ಅಜ್ಜ, ಮುತ್ತಜ್ಜ ಎಲ್ಲ ಪಂಡಿತರು. ಮನೆಯಲ್ಲಿ ಮಡಿಯೆಂದರೆ ಮಡಿ. ಅವರ ತಾಯಿ ಅಂಬಕ್ಕ ಒಗೆದ ಸೀರೆಯನ್ನು ಕೋಲಿನಿಂದಲೇ ಎತ್ತಿ ಗಳಕ್ಕೆ ಹಾಕುವವರು. ಕಟ್ಟೆಯ ಮೇಲೆ ಕಾಗೆ ಕೂತು ಹೋದರೂ ನೀರು ಹೊಯ್ಯುವವರು. ಅಂಥವರ ಹೊಟ್ಟೆಯಲ್ಲಿ ಹುಟ್ಟಿದ ಮಗ ಬೂಷ್ಟು ಬೆಳೆಸುವ ಕೆಲಸ ಹಿಡಿದಿದ್ದರು. "ಅಲ್ಲೋ ವಾದಿ, ಮಂದಿ ಬೂಷ್ಟು ಬಂದ್ರ ತಿಪ್ಪಿಗೆ ಚೆಲ್ತಾರ. ನೀ ಅದಕ್ಕ ಬಟಾಟಿ ಕುದಿಸಿ ಊಟಕ್ಕ ಹಾಕ್ತೀಯಲ್ಲೋ!" ಅಂತ ಅಂಬಕ್ಕ ಹಣೆ ಚಚ್ಚಿಕೊಳ್ಳುವರು. ಅದು ಸುಳ್ಳೇನೂ ಅಲ್ಲ. ಬಟಾಟಿ ಕುದಿಸಿದ ನೀರಿಗೆ ಸಕ್ಕರೆ ಬೆರೆಸಿ, ಗಟ್ಟಿಯಾಗಲು ಅಗರ್ ಹಾಕಿ ಗಾಜಿನ ತಟ್ಟೆಗೆ ಹೊಯ್ಯುವುದು ನನ್ನದೇ ಕೆಲಸವಾಗಿತ್ತು.

ಸರ್ ತಲೆಯಲ್ಲಿ ಕೂತ ವಿಚಾರ ಒಂದೇ. ಔಷಧಿ ಗಿಡಗಳ ಒಳಗೆ — ಎಲೆಯ ಒಳಗೆ, ಕಾಂಡದ ಒಳಗೆ — ಗಿಡಕ್ಕೆ ಏನೂ ತ್ರಾಸು ಕೊಡದೆ ಶಿಲೀಂಧ್ರಗಳು ಬಾಡಿಗೆಗೆ ಇದ್ದಹಾಗೆ ಇರುತ್ತವೆ. ಬೇರೆ ರೋಗಾಣು ಒಳಗೆ ಬರದಂತೆ ಅವು ಏನೋ ಒಂದು ರಸ ಬಿಡುತ್ತವೆ. "ನಾವು ಗಿಡದ ಗುಣಾ ಅಂತೇವಲ್ಲ ಫಕ್ಕೀರಾ, ಅದು ಗಿಡದ್ದ ಆಗಿರಬೇಕಂತ ಏನದ? ಒಳಗ ಕೂತಾವಂದೂ ಇರಬಹುದು" ಅನ್ನುವರು. ಆಗಿನ ಕಾಲಕ್ಕೆ ಇದನ್ನು ಕೇಳಿದವರೆಲ್ಲ ಹೌದ್ರೀ ಹೌದ್ರೀ ಅಂದು ಎದ್ದು ಹೋಗುತ್ತಿದ್ದರು. ಎದ್ದು ಹೋಗಲಾಗದವನು ನಾನೊಬ್ಬ. ಪಗಾರ ಇತ್ತಲ್ಲ!

ತೊಡಕು ಎಲ್ಲಿತ್ತೆಂದರೆ, ಒಳಗಿನವನನ್ನು ಹಿಡಿಯಬೇಕಾದರೆ ಮೊದಲು ಹೊರಗಿನವರನ್ನು ಕೊಲ್ಲಬೇಕು. ಗಾಳಿ, ಧೂಳು, ನಮ್ಮ ಕೈ — ಎಲ್ಲದರಲ್ಲೂ ಬೂಷ್ಟಿನ ಬೀಜ. ಅದಕ್ಕೆ ಸರ್ ಐದು ನೀರು ಕಂಡುಕೊಂಡಿದ್ದರು. ಕಾಂಡದ ತುಂಡಿಗೆ ಮೊದಲು ನಲ್ಲಿಯ ನೀರು, ಆಮೇಲೆ ಸ್ಪಿರಿಟ್, ಆಮೇಲೆ ಬ್ಲೀಚಿಂಗ್ ಪುಡಿ ಕದಡಿದ ನೀರು, ಮತ್ತೆ ಸ್ಪಿರಿಟ್, ಕೊನೆಗೆ ಕುದಿಸಿ ಆರಿಸಿದ ನೀರು. ಐದನೇ ನೀರಿನ ನಾಲ್ಕು ಹನಿಯನ್ನು ಬೇರೆ ತಟ್ಟೆಗೆ ಬಿಟ್ಟು ಇಡುವರು. ಅದರಲ್ಲಿ ವಾರದ ತನಕ ಏನೂ ಬೆಳೆಯದಿದ್ದರೆ ಹೊರಗಿನವರೆಲ್ಲ ಸತ್ತರು ಅಂತ ಅರ್ಥ. ಅದಕ್ಕೆ ಸಾಕ್ಷಿ ತಟ್ಟೆ ಅಂತ ಹೆಸರು. ಅಷ್ಟೂ ಹೊತ್ತು ನಾನು ಗಡಿಯಾರ ನೋಡುತ್ತ ನಿಲ್ಲಬೇಕು, ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಅಂಬಕ್ಕನ ಅಡಿಗೆಮನೆಯೇ ಹಾನಗಲ್ಲಿಗೆ ಬಂದಂತಿತ್ತು. ಮಗ ತಾಯಿಯನ್ನು ಮೀರಿಸಿದ್ದರು, ಆದರೆ ಅವರ ಎದುರಿಗೆ ಇದನ್ನು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಇನ್ನು ರೋಗಾಣು ಬೇಕಲ್ಲ — ಕೊಲ್ಲುವುದಕ್ಕೆ? ಅದನ್ನು ಕೊಟ್ಟವನು ನಾನೇ. ಆ ಬೇಸಿಗೆಯಲ್ಲಿ ನನ್ನ ಕುತ್ತಿಗೆಗೆ ದೊಡ್ಡದೊಂದು ಕುರು ಎದ್ದಿತ್ತು. ಎಲ್ಲರೂ ನೋಡಿ ಅಯ್ಯೋ ಅಂದರೆ ಸರ್ ನೋಡಿ ಆಹಾ ಅಂದರು. ಒಡೆದ ದಿನ ತಂತಿಯ ತುದಿಯಲ್ಲಿ ಕೀವು ತೆಗೆದುಕೊಂಡು ತಟ್ಟೆಯಲ್ಲಿ ಬೆಳೆಸಿದರು. ಕುರು ವಾರದಲ್ಲಿ ಮಾಯಿತು. ಅದರ ವಂಶ ಮಾತ್ರ ನಮ್ಮ ಕಪಾಟಿನಲ್ಲಿ ವರ್ಷಗಟ್ಟಲೆ ಬಾಳಿತು. ಹೊಸ ವಿದ್ಯಾರ್ಥಿಗಳಿಗೆ ತೋರಿಸುವಾಗ ಸರ್, "ಇದು ನಮ್ಮ ಫಕ್ಕೀರಪ್ಪನ ಕೊಡುಗೆ" ಅನ್ನುವರು. ನಾನೂ ನಾಚಿಕೆಯಿಲ್ಲದೆ ಹಲ್ಲು ಕಿರಿಯುತ್ತಿದ್ದೆ.

ಹದಿನೇಳು ಸಿಕ್ಕಿದ್ದು ಹಿರೇಕೆರೂರು ತಾಲೂಕಿನ ಮಾಸೂರಿನಲ್ಲಿ. ಮದಗದ ಕೆರೆಯ ಹತ್ತಿರ ಒಬ್ಬ ಗೌಡರ ಹೊಲದ ಬದುವಿನಲ್ಲಿ ಬೇವಿನ ಮರ, ಅದಕ್ಕೆ ಹಬ್ಬಿದ ಹೆಬ್ಬೆರಳು ದಪ್ಪದ ಅಮೃತಬಳ್ಳಿ. ಬೇವಿಗೆ ಹಬ್ಬಿದ ಅಮೃತಬಳ್ಳಿಗೆ ಶಕ್ತಿ ಹೆಚ್ಚು ಅಂತ ನಮ್ಮ ಕಡೆ ನಂಬಿಕೆ. ಅದನ್ನು ಹಸಿ ಪಂಜೆಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದಾಗ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು, "ಏನ್ ಜಡ್ಡಿಗ್ರೀ?" ಅಂದಳು. ಸರ್ ಪ್ರಾಮಾಣಿಕ ಮನುಷ್ಯ. ಜಡ್ಡಿಗೆ ಔಷಧಿ ಅಂತಲ್ಲ, ಇದರೊಳಗೆ ಬೂಷ್ಟು ಹುಡುಕಬೇಕು ಅಂದರು. ಮುದುಕಿ ಸರ್ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ನನಗೆ ಮೆಲ್ಲಗೆ, "ಯಾವಾಗಿಂದ ಹಿಂಗಾಗೇತ್ರೀ ಅವರಿಗೆ?" ಅಂತ ಕೇಳಿದಳು.

ಆ ಬಳ್ಳಿಯ ಹದಿನೇಳನೇ ತುಂಡಿನ ಕೊಯ್ದ ತುದಿಯಿಂದ ಒಂದು ಬೂದಿ ಬಣ್ಣದ ಬೂಷ್ಟು ಹೊರಗೆ ಬಂತು. ಸಾಕ್ಷಿ ತಟ್ಟೆ ತೊಳೆದ ಕನ್ನಡಿಯಂತೆ ಸ್ವಚ್ಛ. ನಾನೇ ಏಳು ದಿನ ನೋಡಿದ್ದೇನೆ — ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಆ ಬೂಷ್ಟನ್ನು ನನ್ನ ಕುರುವಿನ ವಂಶದ ನಡುವೆ ಇಟ್ಟರು. ಮೂರನೇ ದಿನ ಅದರ ಸುತ್ತ ದೊಡ್ಡ ಬಳೆಯಷ್ಟು ಅಗಲ ಬಯಲಾಗಿತ್ತು. ಆ ಬಯಲಿನಲ್ಲಿ ನನ್ನವರು ಒಬ್ಬರೂ ಉಳಿದಿರಲಿಲ್ಲ! ಸರ್ ತಟ್ಟೆ ಹಿಡಿದುಕೊಂಡು ಕೋಣೆಯಲ್ಲಿ ಎರಡು ಸುತ್ತು ತಿರುಗಿದರು. ಕಣ್ಣಲ್ಲಿ ನೀರು. "ಫಕ್ಕೀರಾ, ಸಿಕ್ಕಾನೋ!" ಅಂದರು.

ಧಾರವಾಡದ ಗೈಡ್ ಸಾಹೇಬರೊಬ್ಬರು ಸರ್‌ಗೆ ಮೊದಲೇ ಮಾತು ಕೊಟ್ಟಿದ್ದರು. ಗಿಡದೊಳಗಿನ ಒಂದೇ ಒಂದು ಬೂಷ್ಟು ರೋಗಾಣು ಕೊಲ್ಲುವುದನ್ನು ಕಣ್ಣಾರೆ ತೋರಿಸಿದರೆ ಪಿಎಚ್‌.ಡಿ.ಗೆ ತೆಗೆದುಕೊಳ್ಳುತ್ತೇನೆ ಅಂತ. ಸರ್‌ಗೆ ಆಗಲೇ ನಲವತ್ತೈದರ ಮೇಲೆ. ಇದೊಂದೇ ಅವಕಾಶ. ಬೂಷ್ಟು ಬೆಳೆಸುವ ಮಗನನ್ನು ಜನ ಡಾಕ್ಟರ್ ಅಂತ ಕರೆಯುವುದನ್ನು ಅಂಬಕ್ಕ ಒಮ್ಮೆ ಕೇಳಬೇಕು, ಅದು ಸರ್ ಆಸೆ. ದೀಪಾವಳಿ ಆದ ಮೇಲೆ ಬರುತ್ತೇನೆ ಅಂತ ಸಾಹೇಬರ ಪತ್ರ ಬಂತು.

ನವರಾತ್ರಿಗೆ ಸರ್ ಸವಣೂರಿಗೆ ಹೊರಟರು. ಹದಿನೇಳನ್ನು ಮೂರು ಗಾಜಿನ ನಳಿಗೆಯಲ್ಲಿ ಬೆಳೆಸಿ, ಅರಳೆಯ ಬಿರಡೆ ಹಾಕಿ, ಕಪಾಟಿನಲ್ಲಿ ಇಟ್ಟಿದ್ದರು. "ಮೂರೂ ನಿನ್ನ ಕೈಯಾಗ ಅವ" ಅಂದು ಹೋದವರು, ಅಂಬಕ್ಕನ ಕಾಲು ಉಳುಕಿದ್ದರಿಂದ ದೀಪಾವಳಿಯ ತನಕ ಅಲ್ಲೇ ಉಳಿದರು.

ಈಗ ಬಂತು ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮಪ್ಪ ಆ ದಿನ ನೇಗಿಲು, ಕುಡಗೋಲು, ಕುಂಟೆ ಎಲ್ಲ ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಡುತ್ತಿದ್ದ. ನನ್ನ ಹೊಲ ಅಂದರೆ ಆ ಕೋಣೆ. ಸೂಕ್ಷ್ಮದರ್ಶಕ ಒರೆಸಿದೆ. ಸರ್ ಸೈಕಲ್ಲು ತೊಳೆದೆ. ಎಲ್ಲ ಇಟ್ಟು ನೋಡುತ್ತೇನೆ, ಏನೋ ಕಡಿಮೆ. ಈ ಕೋಣೆಯ ನಿಜವಾದ ಆಯುಧ ಯಾವುದು? ಹದಿನೇಳು! ಮೂರೂ ನಳಿಗೆ ತೆಗೆದೆ. ಧೂಳು ಕೂತಿತ್ತು, ನನ್ನದೇ ಬೆರಳಿನ ಗುರುತೂ ಇತ್ತು. ತೊಳೆಯದೆ ಪೂಜೆಗೆ ಇಡುವುದುಂಟೇ?

ಎಷ್ಟು ನೀರಿನಲ್ಲಿ ತೊಳೆದೆ ಗೊತ್ತೇ? ಐದು.

ಹೌದು, ಐದು. ಸರ್ ಕಲಿಸಿದ ಹಾಗೆಯೇ, ಗಡಿಯಾರ ನೋಡಿಕೊಂಡು. ಹೊರಗೆ ಎಷ್ಟು ತೊಳೆದರೂ ಒಳಗಿನವನಿಗೆ ಏನೂ ಆಗುವುದಿಲ್ಲ — ಸರ್ ಪಾಠವೇ ಅದಲ್ಲವೇ? ಆದರೆ ಅಮೃತಬಳ್ಳಿಗೆ ತೊಗಟೆ ಇದೆ, ನಳಿಗೆಯ ಬಾಯಿಗೆ ಇದ್ದದ್ದು ಅರಳೆ. ಮೂರೂ ನಳಿಗೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸಿ ಐದು ನಿಮಿಷ ಇಟ್ಟೆ. ಅರಳೆ ಹೊಟ್ಟೆ ತುಂಬ ಕುಡಿಯಿತು. ಎತ್ತಿ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂವು ಏರಿಸಿ, ಲೋಬಾನದ ಹೊಗೆ ಹಾಕಿದೆ. ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಬಾಗಿಲಿನ ಎರಡೂ ಕಡೆ ಇಟ್ಟೆ. ಕೈಮುಗಿದು, ನಮ್ಮ ಸರ್ ಡಾಕ್ಟರ್ ಆಗಲಿ ಅಂತ ಬೇಡಿಕೊಂಡೆ. ಬೇಡಿಕೊಳ್ಳುವಾಗ ಹದಿನೇಳು ನನ್ನ ಕಣ್ಣೆದುರಿಗೇ ಸಾಯುತ್ತಿತ್ತು.

ನಾಲ್ಕು ದಿನ ಬಿಟ್ಟು ನೋಡಿದರೆ ಮೂರೂ ನಳಿಗೆಯಲ್ಲಿ ತೊಯ್ದ ಹತ್ತಿಯಂಥದು ಏನೋ ಅಂಟಿಕೊಂಡಿದೆ. ಮೂಸಿದೆ. ಬ್ಲೀಚಿಂಗ್ ವಾಸನೆ. ಚೂರು ಚೂರು ತೆಗೆದು ಹನ್ನೆರಡು ಹೊಸ ನಳಿಗೆಗೆ ಹಾಕಿದೆ. ಒಂದರಲ್ಲೂ ಜೀವ ಇಲ್ಲ. ತಾರಕೇಶ್ವರನ ಗುಡಿಗೆ ಹೋಗಿ ಕಾಯಿ ಕೊಟ್ಟೆ. ಯಾರ ಹೆಸರಲ್ಲಿ ಅಂತ ಪೂಜಾರಿ ಕೇಳಿದರು. ಬಾಯಿಗೆ ಬಂದದ್ದು, "ಹದಿನೇಳ್ರೀ." ಪೂಜಾರಿ, "ವಯಸ್ಸಲ್ಲಪಾ, ಹೆಸರು ಹೇಳು" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅವರು ಮನೆಯಲ್ಲಿ ಮಗು ಹುಷಾರಿಲ್ಲ ಅಂದುಕೊಂಡು ಎರಡು ಹೂವು ಹೆಚ್ಚಿಗೆ ಕೊಟ್ಟರು.

ಆಗಲೇ ಸವಣೂರಿಗೆ ಹೋಗಿ ಕಾಲು ಹಿಡಿಯಬಹುದಾಗಿತ್ತು. ಗೈಡ್ ಸಾಹೇಬರು ಬರುವುದಕ್ಕೆ ಇನ್ನೂ ದಿನ ಇತ್ತು, ಮಾಸೂರಿನ ಬಳ್ಳಿ ಹಸಿರಾಗಿತ್ತು, ಪತ್ರ ಬರೆದು ಮುಂದೂಡಬಹುದಿತ್ತು. ಹೋಗಲಿಲ್ಲ. ನೌಕರಿಯ ಭಯವಲ್ಲ, ಸರ್ ಬೈಯುವವರೇ ಅಲ್ಲ. ಅವರು ಊರವರ ಎದುರಿಗೆಲ್ಲ, "ಫಕ್ಕೀರಪ್ಪ ಅರ್ಧಾ ವಿಜ್ಞಾನಿ" ಅನ್ನುತ್ತಿದ್ದರು. ಆ ಅರ್ಧ ನನಗೆ ಬಿಡಲಿಕ್ಕಾಗಲಿಲ್ಲ.

ಕಸ ಗುಡಿಸುವಾಗ ಬಾಗಿಲ ಹಿಂದಿನ ನಿಂಬೆಹಣ್ಣು ಕಂಡಿತು. ಪೂಜೆಯದು. ಒಣಗಿದ ಕುಂಕುಮದ ಮೇಲೆ ಹಸಿರು ಬೂಷ್ಟು ಎದ್ದಿತ್ತು. ನನ್ನ ಕೈ ತಾನಾಗಿಯೇ ತಂತಿ ಕಾಯಿಸಿತು. ಅದನ್ನು ಬೆಳೆಸಿ ನನ್ನ ಕುರುವಿನವರ ನಡುವೆ ಇಟ್ಟೆ, ಮಗುವಿನ ಬಳೆಯಷ್ಟು ಬಯಲು ಮಾಡಿತು. ಸಾಕು. ನಳಿಗೆಯ ಮೇಲೆ 17 ಅಂತ ಬರೆದೆ.

ಸರ್ ಬಂದು ನೋಡಿದರು. "ಬೂದಿ ಬಣ್ಣ ಇತ್ತಲ್ಲೋ, ಹಸಿರು ಹ್ಯಾಂಗಾತು?" ಅಂದರು. ನಾನು, "ಬಲಿತ ಮ್ಯಾಲ ಬಣ್ಣಾ ತಿರಗೇತ್ರೀ ಸರ್" ಅಂದೆ. ಅವರಿಗೆ ಬಯಲು ಕಂಡಿತು, ಬಯಲು ಕಂಡದ್ದೇ ಬಣ್ಣ ಮರೆತರು. ಮರುದಿನ ಗೈಡ್ ಸಾಹೇಬರು ಬಂದರು.

ನಾನು ಉಪ್ಪಿಟ್ಟಿನ ತಾಟು ಹಿಡಿದು ನಿಂತಿದ್ದೆ. ಸಾಹೇಬರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು, ತೆಗೆದರು, ಮತ್ತೆ ಇಟ್ಟರು, ಹೊಟ್ಟೆ ಕುಲುಕಿಸಿ ನಗತೊಡಗಿದರು. "ವಾದಿರಾಜ, ಇದು ಲಿಂಬೀಹಣ್ಣಿನ ಬೂಷ್ಟಪಾ! ಇದು ರೋಗಾಣು ಕೊಲ್ತದಂತ ಜಗತ್ತಿಗೇ ಗೊತ್ತದ. ನಮ್ಮ ಮನ್ಯಾಗ ಅಡಗೀ ಕಟ್ಟೀ ಮ್ಯಾಲೆ ಇದಕ್ಕಿಂತ ಚೊಲೋದು ಸಿಗ್ತದ." ನಗು ನಿಲ್ಲಿಸಿ ಒಂದು ಮಾತು ಹೇಳಿದರು: "ಗಿಡದೊಳಗಿಂದಲ್ಲ, ಹೊರಗಿಂದು ಬಂದದ. ನಿನ್ನ ಕೈ ಸ್ವಚ್ಛ ಇಲ್ಲ."

ಅಂಬಕ್ಕನ ಮಗನಿಗೆ ಆ ಮಾತು! ಸರ್ ಮುಖ ಬಿಳಿಚಿತು. "ಸಾಕ್ಷಿ ತಟ್ಟಿ ಸ್ವಚ್ಛ ಇತ್ರೀ" ಅಂದರು. ಎಲ್ಲಿ ತೋರಿಸು ಅಂದರು ಸಾಹೇಬರು. ಆ ತಟ್ಟೆಯನ್ನು ತೊಳೆದಿಟ್ಟು ಎಷ್ಟೋ ದಿನವಾಗಿತ್ತು. ಸರ್ ನನ್ನ ಕಡೆ ತಿರುಗಿದರು. ಕೋಣೆಯಲ್ಲಿ ಉಳಿದ ಸಾಕ್ಷಿ ಅಂದರೆ ನಾನೊಬ್ಬನೇ.

"ಫಕ್ಕೀರಾ, ನೀ ಇದ್ದಿಯಲ್ಲ. ನಾ ಬರೋಬರಿ ತೊಳದಿದ್ದೆ ಹೌದಲ್ಲೋ? ಹೇಳು."

ತಾಟಿನಲ್ಲಿ ಉಪ್ಪಿಟ್ಟು ಆರುತ್ತಿತ್ತು. ಒಂದು ಮಾತು — ಒಂದೇ ಒಂದು ಹೌದ್ರೀ ಅಂದಿದ್ದರೂ ಸಾಕಿತ್ತು. ಆದರೆ ಹೌದು ಅಂದರೆ ಈ ಹಸಿರು ಎಲ್ಲಿಂದ ಬಂತು ಅಂತ ಕೇಳುತ್ತಾರೆ...

"ಆವತ್ತ... ಒಂದ ನೀರು ಕಡಿಮಿ ಬಿದ್ದಿರಬೇಕ್ರೀ ಸರ್" ಅಂದೆ.

ಸರ್ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಆಮೇಲೆ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು, ಏನೋ ಅಂಟಿದೆಯೇನೋ ಅನ್ನುವ ಹಾಗೆ. ಸಾಹೇಬರು ಉಪ್ಪಿಟ್ಟು ತಿಂದು, ಚಲೋ ಆಗ್ಯದ ಅಂದು ಬಸ್ಸು ಹತ್ತಿದರು. ಪಿಎಚ್‌.ಡಿ. ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಸರ್ ಮೇಜಿನ ಮೇಲೆ ಐದು ಬಟ್ಟಲಿನ ಪಕ್ಕ ಆರನೆಯದೊಂದು ಇಟ್ಟರು. ಅದರಲ್ಲೂ ಕುದಿಸಿ ಆರಿಸಿದ ನೀರು. ವಿದ್ಯಾರ್ಥಿಗಳನ್ನು ಕರೆದು ಹೇಳಿದರು: "ಒಂದು ನೀರು ಕಡಿಮಿ ಬಿದ್ದದ್ದಕ್ಕ ನಾ ಇಷ್ಟು ವರ್ಷದ್ದು ಕಳಕೊಂಡೆ. ಅದನ್ನ ನನ್ನ ಮುಖಕ್ಕ ಹೇಳೋ ಧೈರ್ಯ ಇದ್ದಾವ ಇವನೊಬ್ಬ. ಇನ್ನ ಮ್ಯಾಲೆ ಇದಕ್ಕ ಫಕ್ಕೀರಪ್ಪನ ನೀರು ಅನ್ರಿ." ಹುಡುಗರು ಚಪ್ಪಾಳೆ ತಟ್ಟಿದರು. ನಾನು ನಿಂತ ನೆಲ ಬಾಯಿ ಬಿಡಲಿಲ್ಲ.

ಆಮೇಲೆ ನಾಲ್ಕು ವರ್ಷ ನಾವಿಬ್ಬರೂ ಮಾಸೂರಿಗೆ ಹೋದೆವು. ಅದೇ ಬೇವು, ಅದೇ ಬಳ್ಳಿ, ಆರು ನೀರು. ಬೇರೆ ಬೇರೆ ಬೂಷ್ಟು ಬಂದವು, ಹದಿನೇಳು ಮತ್ತೆ ಬರಲಿಲ್ಲ. ಐದನೇ ವರ್ಷ ಹೋದಾಗ ಬೇವಿನ ಮರವೇ ಇರಲಿಲ್ಲ, ಗೌಡರು ಮಗಳ ಮನೆಯ ಬಾಗಿಲಿಗೆ ಕಡಿಸಿದ್ದರು. ಸರ್ ಆ ಬೊಡ್ಡೆಯ ಮೇಲೆ ಕೂತು ಅವಲಕ್ಕಿ ತಿಂದರು. ಅಂಬಕ್ಕ ಕೊನೆಯ ತನಕ ಮಗನನ್ನು ಜನ ಮಾಸ್ತರ ಅನ್ನುವುದನ್ನೇ ಕೇಳಿ ಕಣ್ಣು ಮುಚ್ಚಿದರು.

ಹೇಳಬೇಕು ಅಂತ ಹೋಗಿಲ್ಲ ಅಂತಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸರ್ ನಿವೃತ್ತಿಯಾದರು. ಬೀಳ್ಕೊಡುಗೆಯ ದಿನ ಹೇಳೋಣ ಅಂದುಕೊಂಡು ಮೂಲೆಯಲ್ಲಿ ಕಾದೆ. ಅವರು ತಮಗೆ ಹಾಕಿದ ಶಾಲು ತೆಗೆದು, ಇದು ಸತ್ಯ ಹೇಳಿದವನಿಗೆ ಅಂತ ನನಗೆ ಹೊದಿಸಿದರು! ಮುಂದೆ ಒಮ್ಮೆ ಸವಣೂರಿಗೇ ಹೋದೆ. ಊರಾಚೆ ಆ ಆನೆಯಂಥ ದೊಡ್ಡ ಹುಣಸೆ ಮರಗಳ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಸವಣೂರಿನ ಹೆಸರಾದ ಕುರುಕಲು ತಿಂಡಿ ಖಾರಾ ತಂದಿದ್ದರು. ನಾನು ಸರ್ ಅಂತ ಬಾಯಿ ತೆರೆದೆ, ಮೊದಲು ತಿನ್ನು ಅಂದರು. ತಿಂದೆ. ತಿಂದ ಬಾಯಲ್ಲಿ ಅದನ್ನು ಹೇಳಲಾಗಲಿಲ್ಲ. ಕಟ್ಟಿಕೊಟ್ಟ ಖಾರಾ ಹಿಡಿದುಕೊಂಡು ಬಸ್ಸಿಗೆ ಬಂದೆ. ಆ ಶಾಲು ಇವತ್ತಿಗೂ ಟ್ರಂಕಿನ ತಳದಲ್ಲಿದೆ, ಒಂದು ಚಳಿಗಾಲವೂ ಹೊದ್ದಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ? ನನ್ನ ಮೊಮ್ಮಗಳು ಸಾವಿತ್ರಿ ಹಿರೇಕೆರೂರಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಹೋದ ವಾರ ಪ್ರಾಕ್ಟಿಕಲ್ ಪುಸ್ತಕ ತೆರೆದು ಕೂತಿದ್ದಳು. ಔಷಧಿ ಗಿಡದೊಳಗಿನ ಶಿಲೀಂಧ್ರ! ಈಗ ಅದು ದೊಡ್ಡ ವಿದ್ಯೆಯಂತೆ, ಪಾಠಕ್ಕೇ ಇಟ್ಟಿದ್ದಾರಂತೆ. "ಅಜ್ಜಾ, ಇಲ್ಲಿ ನೋಡು ಸೋಜಿಗಾ, ಆರನೇ ನೀರಿಗೆ ನಮ್ಮ ಮೇಡಂ ಫಕ್ಕೀರಪ್ಪನ ನೀರು ಅಂತಾರ. ಅವರಿಗೆ ಅವರ ಮಾಸ್ತರು ಹೇಳ್ಯಾರಂತ. ನಿನ್ನ ಹೆಸರಿನ್ಯಾಗ ನೀರೈತಿ!" ಅಂತ ನಕ್ಕಳು. ನಮ್ಮ ಕಡೆ ಓಣಿಗೆ ನಾಲ್ಕು ಮಂದಿ ಫಕ್ಕೀರಪ್ಪ, ನಾನು ಯಾವುದೋ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದೆ ಅಂತಷ್ಟೇ ತಿಳಿದ ಅವಳಿಗೆ ಹೇಗೆ ಗೊತ್ತಾಗಬೇಕು. "ಯಾರಿದ್ದಿರಬೇಕು ಅಜ್ಜಾ ಆತ? ದೊಡ್ಡ ವಿಜ್ಞಾನಿ ಇರಬೇಕು."

"ಯಾವನೋ ಸುಳ್ಳಗಾರ ಇರಬೇಕವ್ವಾ" ಅಂದೆ. ಚೇಷ್ಟೆ ಅಂದುಕೊಂಡಳು.

ಅವಳು ಬೇಕಿಲ್ಲದ ಒಂದು ನೀರು ಹೊಯ್ಯುತ್ತಿದ್ದಾಳೆ. ಅವಳ ಕ್ಲಾಸಿನವರೆಲ್ಲ ಹೊಯ್ಯುತ್ತಿದ್ದಾರೆ. ನಷ್ಟವೇನೂ ಇಲ್ಲ, ನೀರು ತಾನೇ. ಆದರೆ ಸವಣೂರಿನಲ್ಲಿ ತೊಂಬತ್ತರ ಹತ್ತಿರದ ಒಬ್ಬ ಮನುಷ್ಯ ಮಗಳ ಮನೆಯಲ್ಲಿ ಇದ್ದಾರೆ. ಕಣ್ಣು ಮಂದವಾಗಿದೆ, ಕಿವಿ ಚುರುಕಾಗಿದೆ. ಊಟಕ್ಕೆ ಮೊದಲು ಎರಡೆರಡು ಸಲ ಕೈ ತೊಳೆಯುತ್ತಾರಂತೆ. ಕೇಳಿದರೆ, ನನ್ನ ಕೈ ಮೇಲೆ ನನಗೆ ಭರವಸೆ ಇಲ್ಲವ್ವಾ ಅನ್ನುತ್ತಾರಂತೆ. ಅವರ ಮಗಳೇ ಫೋನಿನಲ್ಲಿ ನಗುತ್ತ ಹೇಳಿದರು. ನನಗೆ ನಗಲಿಕ್ಕಾಗಲಿಲ್ಲ.

ನಾಳೆ ಮುಂಜಾನೆಯ ಬಸ್ಸಿಗೆ ಹೋಗುತ್ತೇನೆ. ಸಾವಿತ್ರಿಯನ್ನೂ ಕರೆದುಕೊಂಡು, ಟ್ರಂಕಿನ ಶಾಲನ್ನೂ ತೆಗೆದುಕೊಂಡು. ಖಾರಾ ಕೊಟ್ಟರೆ ಮುಟ್ಟುವುದಿಲ್ಲ, ಕುಂದರು ಅಂದರೆ ಕೂರುವುದಿಲ್ಲ. ಹೊಸ್ತಿಲ ಹೊರಗೆ ನಿಂತೇ ಹೇಳಿಬಿಡುತ್ತೇನೆ. ಬಸ್ಸಿನ ಕುಲುಕಾಟದಲ್ಲಿ ಮತ್ತೆ ಮರೆತೇನೋ, ಮಾತು ತಿರುಚಿಯೇನೋ — ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ:

ಸರ್, ನಿಮ್ಮ ಕೈ ಸ್ವಚ್ಛ ಇತ್ರೀ. ಐದ ನೀರು ಸಾಕಿದ್ದೂವು.